ಕಂಪೈಲರಿನ ತದ್ಭವಗಳು

ಸಂಸ್ಕೃತದ ಶಬ್ದಗಳು ಕನ್ನಡಕ್ಕೆ ಎರಡು ಬಗೆಯಾಗಿ ಬಂದಿವೆಯೆಂಬುದು ವಾಚಕರಿಗೆ ವಿದಿತವೇ ಆಗಿದೆ. ‘ಕಾವ್ಯ’ವು ‘ಕಬ್ಬ’ವಾಗಿ, ‘ಆಕಾಶ’ವು ‘ಆಗಸ’ವಾಗಿ ರೂಪಾಂತರ ಹೊಂದಿದುವು, ಬೇರೆ ಕೆಲವು ಇದ್ದಂತೆಯೇ ತತ್ಸಮಗಳಾಗಿ ನಿಂತುವು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ತದ್ಭವಗಳಿಗಾಗಿ ಅಪಭ್ರಂಶ ಪ್ರಕರಣವನ್ನೇ ಇರಿಸಿದ್ದಾನೆ. ಯಾವ ಹೆಸರನ್ನು ಮಾರ್ಪಡಿಸಬಹುದು, ಯಾವುದನ್ನು ಕೂಡದು ಎಂಬ ಈ ವಿವೇಚನೆ ಇಂದು ಜಾಲತಾಣಗಳ ರಚನೆಯಲ್ಲಿಯೂ ಅವಶ್ಯವಾಗಿದೆ.

ಜಾವಾಸ್ಕ್ರಿಪ್ಟಿನಲ್ಲಿ ಬರೆದ ಕಾರ್ಯಕ್ರಮವನ್ನು ಹಗುರಗೊಳಿಸಲು ಕಂಪೈಲರುಗಳುಂಟು. ಗೂಗಲ್ ಸಂಸ್ಥೆ 2009ರಲ್ಲಿ ಮುಕ್ತವಾಗಿ ಒದಗಿಸಿದ ಕ್ಲೋಷರ್ ಕಂಪೈಲರ್ ಅವುಗಳಲ್ಲೊಂದು. ಅದರ ‘ಅಡ್ವಾನ್ಸ್ಡ್’ ಕ್ರಮದಲ್ಲಿ ನಾವಿಟ್ಟ ದೀರ್ಘನಾಮಗಳೆಲ್ಲ ‘ಎ’, ‘ಬಿ’ ಎಂಬ ಏಕಾಕ್ಷರಗಳಾಗುತ್ತವೆ. ಕರೆಯುವವನೂ ಓಗೊಡುವವನೂ ಒಂದೇ ಮನೆಯವರಾಗಿರುವ ತನಕ ಇದರಿಂದ ಬಾಧಕವಿಲ್ಲ.

ಹೊರಗಿನ ಲೈಬ್ರರಿಯೊಂದು ಸೇರಿದಾಗಲೇ ತೊಡಕು. ದೆಹಲಿಯ ಕನ್ನಡ ಸಂಘವೊಂದು ಬೆಂಗಳೂರಿನ ರೇಜರ್‌ಪೇ ಸಂಸ್ಥೆಯ ಮೂಲಕ ಸದಸ್ಯತ್ವಶುಲ್ಕವನ್ನು ಸ್ವೀಕರಿಸುವುದೆಂದು ಭಾವಿಸೋಣ. ಹಣ ಪಾವತಿಯ ಕಿಟಕಿ ಆ ಸಂಸ್ಥೆಯ ಸರ್ವರಿನಿಂದಲೇ ಬರುತ್ತದೆ. ನಮ್ಮ ಕಂಪೈಲರು ಅದನ್ನು ಕಾಣುವುದೇ ಇಲ್ಲ. ನಮ್ಮ ಪುಟವು ಅದಕ್ಕೆ ಕೆಲವು ವಿವರಗಳನ್ನು ಒಪ್ಪಿಸಬೇಕು. ಅವುಗಳಲ್ಲಿ ‘ಹ್ಯಾಂಡ್ಲರ್’ ಎಂಬುದು ಹಣ ಸಂದ ಮೇಲೆ ನಮಗೆ ವರ್ತಮಾನ ತಿಳಿಸುವ ದ್ವಾರ. ಕಂಪೈಲರು ಈ ಹೆಸರನ್ನೂ ‘ಬಿ’ ಎಂದು ಮಾಡಿಬಿಟ್ಟರೆ, ಕಿಟಕಿ ‘ಹ್ಯಾಂಡ್ಲರ್’ ಅನ್ನು ಹುಡುಕಿ ಕಾಣದೆ ಸುಮ್ಮನಾಗಬಹುದು. ಸದಸ್ಯನ ಖಾತೆಯಿಂದ ಹಣ ಹೋಗಿರುತ್ತದೆ, ಪುಟ ಮಾತ್ರ ಇನ್ನೂ ಶುಲ್ಕವನ್ನು ಕೇಳುತ್ತಲೇ ಇರುತ್ತದೆ. ಆತ ಮತ್ತೊಮ್ಮೆ ಪಾವತಿ ಮಾಡಿದರೆ ಆಶ್ಚರ್ಯವಿಲ್ಲ. ಬ್ಯಾಂಕಿನ ವ್ಯವಹಾರವನ್ನು ಬಲ್ಲವರಿಗೆ, ತೆರೆಯದ ಕಿಟಕಿಗಿಂತ ಇಂಥ ಅರೆಬರೆ ವ್ಯವಹಾರವೇ ಹೆಚ್ಚು ಭಯಾವಹ.

ಪರಿಹಾರವು ಕೇಶಿರಾಜನಿಗೂ ಸಮ್ಮತವಾಗುವಂಥದು: ತತ್ಸಮಗಳ ಪಟ್ಟಿ. ಇದಕ್ಕೆ ‘ಎಕ್ಸ್‌ಟರ್ನ್ಸ್’ ಎಂದು ಹೆಸರು. ಅದರಲ್ಲಿ ನಮೂದಿಸಿದ ಹೆಸರುಗಳನ್ನು ಕಂಪೈಲರು ಮುಟ್ಟುವುದಿಲ್ಲ. ಬ್ರೌಸರಿಗೆ ಸಹಜವಾದ ‘ಓಪನ್’ ಮೊದಲಾದ ಹೆಸರುಗಳ ಪಟ್ಟಿ ಅದರ ಬಳಿ ಮೊದಲೇ ಇದೆ; ಉಳಿದುವನ್ನು ನಾವು ಒದಗಿಸಬೇಕು. ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಬರೆದರೂ ಅದು ಉಳಿಯುತ್ತದೆ, ಆದರೆ ಒಂದೆಡೆ ಮರೆತರೆ ಸಾಕು, ತೊಂದರೆ ಮರಳುತ್ತದೆ. ಆದುದರಿಂದ ಪಟ್ಟಿಯೇ ಲೇಸು. ಕಳುಹುವ ಹೆಸರುಗಳನ್ನು ನಮೂದಿಸಿ, ಮರಳಿ ಬರುವ ಪಾವತಿ ಸಂಖ್ಯೆ, ಆರ್ಡರ್ ಸಂಖ್ಯೆ, ಸಹಿ ಇವುಗಳ ಹೆಸರುಗಳನ್ನು ಬಿಟ್ಟುಬಿಡುವುದೂ ಸಲ್ಲದು.

ಪಟ್ಟಿ ಸರಿಯಿದ್ದರೂ ಸದಸ್ಯನು ನಡುವೆಯೇ ಬ್ರೌಸರನ್ನು ಮುಚ್ಚಬಹುದು. ಆದಕಾರಣ ಸಂಘದ ಲೆಕ್ಕದಲ್ಲಿ ಜಮೆ ಬರೆಯುವ ಮುನ್ನ, ಮರಳಿ ಬಂದ ಸಹಿಯನ್ನು ಗುಪ್ತ ಕೀಲಿಯಿಂದ ತನ್ನ ಸರ್ವರಿನಲ್ಲಿಯೇ ತಾಳೆ ನೋಡಬೇಕು; ಸಹಿ ಬಾರದೆ ಉಳಿದ ಆರ್ಡರುಗಳನ್ನು ದಿನದ ಕೊನೆಯಲ್ಲಿ ಪಾವತಿ ಸಂಸ್ಥೆಯ ಲೆಕ್ಕದೊಡನೆ ಹೋಲಿಸಬೇಕು.