ಚಂಚಿಯ ತಂಬಾಕು ಒಣಗುವುದೇಕೆ?

ಪ್ರಶ್ನೆ: ಬೇಸಿಗೆಯಲ್ಲಿ ತಂಬಾಕನ್ನು ಯಾವುದರಲ್ಲಿಡಬೇಕು? (ಪಾಮನಕಲ್ಲೂರು)

ಉತ್ತರ: ತಂಬಾಕಿನ ಎಲೆಯು ಗಾಳಿಯಲ್ಲಿ ತೇವವಿದ್ದರೆ ಹೀರಿಕೊಳ್ಳುವ, ಗಾಳಿ ಒಣಗಿದ್ದರೆ ತನ್ನ ತೇವವನ್ನೇ ಬಿಟ್ಟುಕೊಡುವ ಗುಣವುಳ್ಳದ್ದು, ಆದ್ದರಿಂದ ಎಲೆ, ಅಡಿಕೆ, ತಂಬಾಕುಗಳಿಗೆ ಬೇರೆ ಬೇರೆ ಅರೆಗಳಿರುವ ಬಟ್ಟೆಯ ಚೀಲವಾದ ಚಂಚಿಯು ದಿನದ ಬಳಕೆಗೆ ಎಷ್ಟೇ ಒಪ್ಪಿದರೂ, ರಾಯಚೂರು ಸೀಮೆಯ ಬಿಸಿಲಿಗೆ ಅದರ ನೇಯ್ಗೆಯ ಸಂದಿನಿಂದ ತೇವ ಹಾರಿಹೋಗಿ, ಎಸಳು ಬೆರಳು ತಾಗಿದೊಡನೆ ಪುಡಿಯಾಗುತ್ತದೆ. ಹೆಚ್ಚು ದಿನ ಇಡಲು ಬಿಗಿ ಮುಚ್ಚಳದ ಗಾಜಿನ ಭರಣಿಯೇ ಮೇಲು. ಆದರೆ ನೀರು ಚಿಮುಕಿಸಿ ಮುಚ್ಚಿದರೆ ಬೂಸ್ಟು ಹಿಡಿಯುತ್ತದೆ. ಜೊತೆಗಿರುವ ಸುಣ್ಣದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ತೆರೆದಿಟ್ಟ ಸುಣ್ಣವು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುತ್ತದೆ, ಹಸಿಯಾಗಿದ್ದಾಗ ಅಲ್ಯೂಮಿನಿಯಂ ಡಬ್ಬಿಯನ್ನು ಮೆಲ್ಲಗೆ ತಿನ್ನುತ್ತದೆ, ಹಿರಿಯರು ಜೋಪಾನ ಮಾಡಿದ ಹಿತ್ತಾಳೆಯ ಪುಟ್ಟ ಡಬ್ಬಿಗೆ ಆ ಬಾಧೆಯಿಲ್ಲ.