ಅಜ್ಜಿಯರ ಬೆಂಚು

ಮನೋವ್ಯಾಧಿಯ ಚಿಕಿತ್ಸೆಯೆಂದರೆ ದೊಡ್ಡ ಆಸ್ಪತ್ರೆಯೂ ಪರದೇಶದಲ್ಲಿ ಓದಿಬಂದ ತಜ್ಞರೂ ಇದ್ದಲ್ಲಿ ಮಾತ್ರ ನಡೆಯತಕ್ಕುದೆಂಬ ನಂಬಿಕೆಯು ವಿದ್ಯಾವಂತರಲ್ಲಿ ಬಲವಾಗಿ ಬೇರೂರಿದೆ. ಆಫ್ರಿಕಾ ಖಂಡದ ಜಿಂಬಾಬ್ವೆಯಲ್ಲಿ ನಡೆದ ಸಂಶೋಧನೆಯೊಂದು ಈ ನಂಬಿಕೆಯನ್ನು ಅಲುಗಿಸಿರುವುದರಿಂದ ಅದರ ವೃತ್ತಾಂತವನ್ನು ವಾಚಕರ ಮುಂದಿಡಬಯಸುತ್ತೇವೆ.

2005ರಲ್ಲಿ ಆ ದೇಶದ ಸರಕಾರವು ಪಟ್ಟಣಗಳಲ್ಲಿ ಬಡವರ ಗುಡಿಸಲುಗಳನ್ನೂ ಅಂಗಡಿಗಳನ್ನೂ ಕೆಡವಿಸಿತು. ಮನೆಯನ್ನೋ ಜೀವನೋಪಾಯವನ್ನೋ ಕಳೆದುಕೊಂಡವರು ಸುಮಾರು 7 ಲಕ್ಷ ಜನರೆಂದು ವಿಶ್ವಸಂಸ್ಥೆಯು ಅಂದಾಜು ಮಾಡಿತು. ಇಡೀ ದೇಶದಲ್ಲಿ ಮನೋವೈದ್ಯರಾದರೋ ಬೆರಳಲ್ಲಿ ಎಣಿಸುವಷ್ಟು. ಅವರಲ್ಲೊಬ್ಬರಾದ ಡಾ. ಡಿಕ್ಸನ್ ಚಿಬಾಂಡರ ಬಳಿ ಚಿಕಿತ್ಸೆ ಪಡೆಯುತ್ತಿದ್ದ ತರುಣಿಯೊಬ್ಬಳು ಆತ್ಮಹತ್ಯೆ ಮಾಡಿಕೊಂಡಳು. ಆಸ್ಪತ್ರೆಗೆ ಬರಲು ಬಸ್ಸಿನ ಖರ್ಚಿಗೂ ಆಕೆಯ ಮನೆಯಲ್ಲಿ ಹಣವಿರಲಿಲ್ಲ. ರೋಗಿಯು ಬರಲಾರದಿದ್ದರೆ ಚಿಕಿತ್ಸೆಯೇ ಹೋಗಬೇಡವೆ?

2006ರಲ್ಲಿ ಅವರು ಹರಾರೆ ನಗರದ ಬಡ ಪೇಟೆಯಾದ ಮ್ಬಾರೆಗೆ ಹೋದಾಗ ದಾದಿಯರೂ ದೊರೆಯಲಿಲ್ಲ, ಕೊಠಡಿಯೂ ದೊರೆಯಲಿಲ್ಲ. ದೊರೆತವರು 14 ಮಂದಿ ಅಜ್ಜಿಯರು. ಸ್ಥಳವೋ, ಚಿಕಿತ್ಸಾಲಯದ ಹೊರಗಿನ ಒಂದು ಬೆಂಚು. 'ಮಾನಸಿಕ ಆರೋಗ್ಯದ ಬೆಂಚು' ಎಂದು ಮೊದಲು ಹೆಸರಿಟ್ಟಾಗ ಜನರು ಕೂರಲು ಹಿಂಜರಿದರು. 'ಸ್ನೇಹದ ಬೆಂಚು' ಎನ್ನಿರೆಂದು ಡಾಕ್ಟರರಿಗೆ ಬುದ್ಧಿ ಹೇಳಿದವರೂ ಆ ಅಜ್ಜಿಯರೇ!

ಅಲ್ಲಿಯ ಶೋನಾ ಭಾಷೆಯಲ್ಲಿ ಈ ವ್ಯಥೆಗೆ 'ಕುಫುಂಗಿಸಿಸಾ' ಎನ್ನುವರು. ಅತಿಯಾಗಿ ಚಿಂತಿಸುವುದು ಎಂದರ್ಥ. ಇಂಥ ಜನರ ಮಾತುಗಳಿಂದಲೇ ವ್ಯಾಧಿಯನ್ನು ಅಳೆಯುವ ಪ್ರಶ್ನಾವಳಿಯೊಂದು 1990ರ ದಶಕದಲ್ಲಿ ಸಿದ್ಧವಾಗಿತ್ತು. ಅದನ್ನು ರಚಿಸಿದವರಲ್ಲಿ ಪ್ರಮುಖರು ನಮ್ಮ ದೇಶದವರೇ ಆದ ಡಾ. ವಿಕ್ರಮ ಪಟೇಲರೆಂಬುದು ನಮಗೆ ಸಂತೋಷದ ಸಂಗತಿ. ಅಜ್ಜಿಯು ಈ ಪ್ರಶ್ನೆಗಳನ್ನು ಕೇಳಿ, ಹಲವು ಕಷ್ಟಗಳಲ್ಲಿ ಒಂದನ್ನು ಆರಿಸಿಕೊಳ್ಳಹೇಳಿ, ಅದರ ಪರಿಹಾರವನ್ನು ಬಂದವರ ಬಾಯಿಂದಲೇ ಹೊರಡಿಸುವಳು. ಉಪದೇಶ ಮಾಡಳು. ಅಜ್ಜಿಯರಿಗೆ ಇದೇ ಕಠಿಣವಾದ ಪಾಠವಾಗಿದ್ದೀತೆಂದು ನಮ್ಮ ಊಹೆ!

ಕೇವಲ ಸದ್ಭಾವನೆಯಿಂದ ತೃಪ್ತರಾಗದೆ ಅವರು ಇದನ್ನು ಪರೀಕ್ಷೆಗೊಡ್ಡಿದರು. 24 ಚಿಕಿತ್ಸಾಲಯಗಳ 573 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲವು 2016ರಲ್ಲಿ ಪ್ರಕಟವಾಯಿತು. ಆರು ತಿಂಗಳ ಬಳಿಕ ಖಿನ್ನತೆಯು ಉಳಿದಿದ್ದುದು, ರೂಢಿಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 50 ಮಂದಿಗೆ. ಬೆಂಚಿನ ಮೇಲೆ ಕುಳಿತವರಲ್ಲಿ ಸುಮಾರು 14 ಮಂದಿಗೆ.

ಇದು ಬಡದೇಶಕ್ಕೆ ತಕ್ಕ ಅಗ್ಗದ ಏರ್ಪಾಡೆಂದು ಮೂಗು ಮುರಿಯುವವರಿಗೆ, ಅಮೆರಿಕದ ನ್ಯೂಯಾರ್ಕ್ ನಗರವೂ ಇಂಥ ಬೆಂಚುಗಳನ್ನು ಹಾಕಿಸಿತೆಂಬುದನ್ನು ತಿಳಿಸಬೇಕಾಗಿದೆ. ಆದರೆ ಅಜ್ಜಿಯರಿದ್ದಾರೆಂಬ ನೆಪದಿಂದ ಸರಕಾರಗಳು ಕೈಕಟ್ಟಿ ಕೂರುವುದನ್ನು ನಾವು ಒಪ್ಪಲಾರೆವು. ಮೂರ್ಛೆರೋಗಕ್ಕೂ ತೀವ್ರವಾದ ಚಿತ್ತಭ್ರಮೆಗೂ ಔಷಧವೇ ಬೇಕು. ಅದನ್ನು ಬೆಂಚಿನಿಂದ ಕೊಡಲಾಗದು.