ವೇಣೂರಿನ ಎರಡು ಕಲ್ಲುಗಳು

ಮೂಡುಬಿದಿರೆಯಿಂದ ಬೆಳ್ತಂಗಡಿಯತ್ತ ಸಾಗುವವರಿಗೆ ಫಲ್ಗುಣೀ ನದಿಯ ತಡಿಯಲ್ಲಿ ವೇಣೂರು ಎಂಬ ಸಣ್ಣ ಊರು ಎದುರಾಗುತ್ತದೆ. ತೋಟ, ಗದ್ದೆ, ಕೆಲವು ಬಸದಿಗಳು. ಇವುಗಳ ನಡುವೆ ಸುಮಾರು 35 ಅಡಿ ಎತ್ತರದ ಏಕಶಿಲಾ ಗೊಮ್ಮಟ. ಇಂಥ ಊರಿಗೆ ಇಂಥ ಮೂರ್ತಿ ಹೇಗೆ ಬಂದಿತೆಂಬುದನ್ನು ತಿಳಿಯಬೇಕಾದರೆ ನಾವು ಮೊದಲು ಅದರ ನೆಲವನ್ನು ನೋಡಬೇಕು.

ಘಟ್ಟದ ಬುಡದ ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು ನಾಲ್ಕು ಮೀಟರಿನಷ್ಟು ಮಳೆ ಸುರಿಯುತ್ತದೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೇ. ಲಕ್ಷಾಂತರ ವರ್ಷ ಹೀಗೆ ಸುರಿದ ನೀರು ಬಂಡೆಯಲ್ಲಿನ ಸಿಲಿಕವನ್ನೂ ಕ್ಷಾರಗಳನ್ನೂ ಕರಗಿಸಿ ಒಯ್ದಿತು. ಕರಗದ ಕಬ್ಬಿಣ ಮತ್ತು ಅಲ್ಯುಮಿನಿಯಮುಗಳ ಆಕ್ಸೈಡುಗಳು ಹಿಂದುಳಿದುವು. ಅದೇ ನಮ್ಮ ಮುರಕಲ್ಲು. ನೆಲದೊಳಗೆ ಇದು ಮೆದು, ಕೊಡಲಿಯಿಂದಲೂ ಕಡಿಯಬಹುದು. ಗಾಳಿಗೆ ಒಡ್ಡಿದರೆ ಗಟ್ಟಿಯಾಗುತ್ತದೆ. 1801ರಲ್ಲಿ ವೇಣೂರಿನ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ಎಂಬಾತನೇ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನಿತ್ತನು. ಲ್ಯಾಟಿನ್ನಿನಲ್ಲಿ ಅದರ ಮೂಲಪದಕ್ಕೆ ಇಟ್ಟಿಗೆಯೆಂದು ಅರ್ಥ. ಕನ್ನಡದ 'ಜಂಬಿಟ್ಟಿಗೆ'ಯಲ್ಲಿಯೂ ಇಟ್ಟಿಗೆ ಇದ್ದೇ ಇದೆಯೆಂಬುದನ್ನು ವಾಚಕರು ಗಮನಿಸಬಹುದು.

ಮನೆಯ ಗೋಡೆಗೆ ಮುರಕಲ್ಲು ಒಪ್ಪುತ್ತದೆ. ಆದರೆ ಮೈತುಂಬ ತೂತುಗಳಿರುವ ಆ ಕಲ್ಲಿನಲ್ಲಿ ತುಟಿಯನ್ನೋ ಬೆರಳನ್ನೋ ಕಡೆಯುವುದು ಅಸಾಧ್ಯ. ಅದಕ್ಕೆ ಬೇಕಾದುದು ಒತ್ತಾದ ಹರಳುಗಳ ಗ್ರಾನೈಟ್.

ವೇಣೂರು ಆಗ ಅಜಿಲರ ರಾಜಧಾನಿ. 1604ರಲ್ಲಿ ತಿಮ್ಮರಾಜ ಅಜಿಲನು ಮೂರ್ತಿಯನ್ನು ನಿಲ್ಲಿಸಿದ ಸಂಗತಿಯನ್ನು ಅದರ ಇಕ್ಕೆಲದ ಶಾಸನಗಳು ಹೇಳುತ್ತವೆ. ಕಾರ್ಕಳದಲ್ಲಿ 1432ರಲ್ಲಿಯೇ ಇದಕ್ಕಿಂತ ಎತ್ತರದ ಗೊಮ್ಮಟನು ನಿಂತಿದ್ದನು. ಅಲ್ಲಿಯ ಅರಸನು ಈರ್ಷ್ಯೆಯಿಂದ ದಂಡೆತ್ತಿ ಬರಲು, ಅಜಿಲನು ಮೂರ್ತಿಯನ್ನು ಹೊಳೆಯ ಮರಳಿನಲ್ಲಿ ಹುದುಗಿಸಿದನೆಂದು ಜನ ಹೇಳುತ್ತಾರೆ. ಕಥೆಯನ್ನು ಇತಿಹಾಸವೆಂದು ನಾವು ಒಪ್ಪಬೇಕಾಗಿಲ್ಲ. ಆದರೆ ಕಟ್ಟಿದವರು ಹೊಳೆಯನ್ನು ಬಲ್ಲವರು: ಬೇಸಗೆಯಲ್ಲಿ ಮರಳು ತೆರೆದು ಬೀಳುವುದು, ಮಳೆಗಾಲದಲ್ಲಿ ಎಲ್ಲವೂ ನೀರಿನಡಿಯಾಗುವುದು.

ರಾಜ್ಯ ಹೋಯಿತು, 1799ರ ತರುವಾಯ ಸೀಮೆ ಕಂಪೆನಿಯ ಕೈಸೇರಿತು. ಮಂಗಳೂರಿನಿಂದ ದೋಣಿಗಳು ನೇತ್ರಾವತಿಯಲ್ಲಿ ಬಂಟ್ವಾಳದವರೆಗೆ ಬರುತ್ತಿದ್ದುದರಿಂದ, ಘಟ್ಟದ ಕಾಫಿಯ ವ್ಯಾಪಾರದಿಂದ ಬೆಳೆದುದು ಬಂಟ್ವಾಳ. ವೇಣೂರು ಸಣ್ಣದಾಗಿಯೇ ಉಳಿಯಿತು.

ಮೂರ್ತಿಗೆ ಚಾವಣಿಯಿಲ್ಲ. ನಾಲ್ಕು ಶತಮಾನಗಳ ಮಳೆಯನ್ನು ಅದು ಸಹಿಸಿದೆ. ಆದರೆ ಮುರಕಲ್ಲನ್ನು ಮಾಡಿದ ಆ ಕ್ರಿಯೆ ಅಲ್ಲಿಯೂ ನಡೆದೇ ಇದೆ. ಗ್ರಾನೈಟಿನ ಫೆಲ್ಡ್‌ಸ್ಪಾರ್ ಹರಳುಗಳು ನೀರಿನ ಸಂಗದಿಂದ ಅತಿ ನಿಧಾನವಾಗಿ ಜೇಡಿಯಾಗುತ್ತವೆ. ನುಣುಪಾದ ಭುಜಗಳಿಂದ ನೀರು ಜಾರಿಹೋಗುತ್ತದೆ. ಗುಂಗುರುಗೂದಲು, ಬಳ್ಳಿಗಳ ಸಂದುಗಳಲ್ಲಿ ಕಲ್ಲುಹೂವು ಬೇರೂರಿದರೆ ತೇವ ಅಲ್ಲಿಯೇ ನಿಲ್ಲುತ್ತದೆ. ಶಿಲೆ ಸವೆಯುವುದು ಮೊದಲು ಅಲ್ಲಿ.